ಮೈಮುನಾಳನ್ನು ಕೇಳಿ ಕಟ್ಟಿದ ತೆರಿಗೆ

ಗರಗರ ಅಂತ ಒಂದೇ ಸಮ ತಿರುಗುವ ಡ್ರಮ್ಮು, ಅದರೊಳಗೆ ಜಲ್ಲಿ ಮೇಲಕ್ಕೇರಿ ದಬದಬ ಬೀಳುವ ಸದ್ದು. ನನ್ನ ಸಂಸಾರದ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಅದೇ ಆಗಿತ್ತು. ಈಗ ನಮ್ಮ ಬೀದಿಯ ಚರಂಡಿ ಕೆಲಸಕ್ಕೆ ಯಾರೋ ಕಾಂಕ್ರೀಟ್ ಮಿಕ್ಸರ್ ತಂದು ನಿಲ್ಲಿಸಿದ್ದಾರೆ. ಬೆಳಿಗ್ಗೆ ಪೇಪರ್ ಹಿಡಿದು ಕೂತವಳಿಗೆ ಆ ಸದ್ದು ಕೇಳಿ ಹಳೆಯದೆಲ್ಲ ಮೈಮೇಲೆ ಬಂತು. ಜೊತೆಗೆ, ನೀರು ಸ್ವಲ್ಪ ಜಾಸ್ತಿ ಹಾಕಿದ್ದಾರೆ ಅಂತಲೂ ಅನ್ನಿಸಿತು. ನಲವತ್ತು ವರ್ಷ ಕಂಟ್ರಾಕ್ಟರ್ ಹೆಂಡತಿಯಾಗಿದ್ದರೆ ಇಷ್ಟು ವಿದ್ಯೆ ತಾನಾಗಿ ಬರುತ್ತದೆ. ಯಾರೂ ನನ್ನನ್ನು ಕೇಳುವುದಿಲ್ಲ, ಅದು ಬೇರೆ ಮಾತು.

ಬೇರೆ ಮಾತೇನು, ನಾನು ಹೇಳಹೊರಟಿರುವುದೇ ಅದು.

ನಮ್ಮವರು ಮೂಡಿಗೆರೆಯಲ್ಲಿ ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆಗಳ ಕಂಟ್ರಾಕ್ಟರ್. ನಮ್ಮ ಕಡೆ ಜೂನ್ ಬಂತೆಂದರೆ ಆ ಕೆಲಸಕ್ಕೆಲ್ಲ ರಜೆ. ಮಿಕ್ಸರ್‌ಗೆ ಟಾರ್ಪಾಲು ಹೊದಿಸಿ, ಕಂಟ್ರಾಕ್ಟರುಗಳೆಲ್ಲ ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಇಸ್ಪೀಟಿಗೆ ಕೂರುತ್ತಿದ್ದರು. ಎಲ್ಲರಿಗೂ ಹಿರಿಯರು ಪುಟ್ಟೇಗೌಡರು. ಎಲ್ಲರಿಗಿಂತ ಕಡಿಮೆ ಮಾತಿನವರು ಹಮೀದಣ್ಣ, ನನ್ನ ಗೆಳತಿ ಮೈಮುನಾಳ ಗಂಡ.

ಆ ವರ್ಷ ಇಸ್ಪೀಟಿನ ಮಧ್ಯೆ ತೆರಿಗೆಯವರ ಆರ್ಡರ್ ಬಂದು ಬಿತ್ತು. ಎಂದೋ ಮಾಡಿ ಮುಗಿಸಿದ ಸರ್ಕಾರಿ ಕೆಲಸಗಳಿಗೆ ನೀವು ಕಟ್ಟಿದ ಜಿಎಸ್‌ಟಿ ಸಾಲದು, ಉಳಿದದ್ದನ್ನು ಬಡ್ಡಿ, ದಂಡ ಸೇರಿಸಿ ಕಟ್ಟಿ ಅಂತ. ಎಲ್ಲರಿಗೂ ಒಂದೇ ತರಹದ್ದು. ಅದನ್ನು ಓದಿ ಹೇಳುವ ಕೆಲಸ ನನ್ನದು. ನಾನು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಹೊಡೆದವಳು. "ಯೂ ಆರ್ ಹಿಯರ್‌ಬೈ ಡೈರೆಕ್ಟೆಡ್" ಎಂಬಲ್ಲಿ ದನಿ ಏರಿಸಿ, "ಫೇಲಿಂಗ್ ವಿಚ್" ಎಂಬಲ್ಲಿ ಒಂದು ಗಳಿಗೆ ತಡೆದು ಓದಿದೆ. ಕಂಟ್ರಾಕ್ಟರುಗಳು ಚರ್ಚಿನಲ್ಲಿ ಕೂತವರ ಹಾಗೆ ತಲೆ ತಗ್ಗಿಸಿದ್ದರು.

"ನೆಟ್ಟಗೆ ಓದೇ, ಅದೇನು ನಿಮ್ಮ ಸ್ಕೂಲ್ ಡೇನಾ?" ಅಂದರು ನಮ್ಮವರು.

ಓದಿ ಮುಗಿಸಿದೆ, ಕನ್ನಡದಲ್ಲಿ ಹೇಳಿದೆ. ದಾರಿ ಎರಡಿದ್ದವು. ಪೂರ್ತಿ ಕಟ್ಟಿ ಕೈತೊಳೆದುಕೊಳ್ಳುವುದು ಒಂದು. ತೆರಿಗೆಯ ಹತ್ತನೇ ಒಂದು ಭಾಗ ಮುಂಗಡ ಕಟ್ಟಿ ಅಪೀಲು ಹಾಕುವುದು ಇನ್ನೊಂದು; ಗೆದ್ದರೆ ಉಳಿಯಿತು, ಸೋತರೆ ಅಷ್ಟು ದಿನದ ಬಡ್ಡಿಯೂ ಮೈಮೇಲೆ. ನಾನು ಕನ್ನಡಕ ತೆಗೆದು ಕಾದೆ. ಈಗ ಕೇಳುತ್ತಾರೆ, "ನಿನಗೇನು ಅನ್ನಿಸುತ್ತೆ?" ಅಂತ. ನಮ್ಮವರು, "ಕಾಫಿ ತಗೊಂಬಾ" ಅಂದರು.

ತೀರ್ಮಾನ ಮಾಡಿದ್ದು ಪುಟ್ಟೇಗೌಡರು. "ಯಾರೂ ಪೂರ್ತಿ ಕಟ್ಟೋ ಹಂಗಿಲ್ಲ. ಒಬ್ಬ ಕಟ್ಟಿದ ಅಂದ್ರೆ ಮುಗೀತು ಮಾರಾಯ, 'ಅವ್ರು ಒಪ್ಕೊಂಡು ಕಟ್ಟಿದಾರೆ, ನಿಮಗೇನು ಧಾಡಿ' ಅಂತ ಎಲ್ಲರ ಕುತ್ತಿಗೆ ಹಿಡೀತಾರೆ. ಒಂದೇ ವಕೀಲ, ಎಲ್ಲರದ್ದೂ ಅಪೀಲು. ಆಯ್ತಾ?" ಎಲ್ಲರೂ ಆಯ್ತು ಅಂದರು. ಹಮೀದಣ್ಣನೂ ತಲೆಯಾಡಿಸಿದರು.

ಮೈಮುನಾಳ ವಿಷಯ ಹೇಳಬೇಕು. ಕಾನ್ವೆಂಟಿನಲ್ಲಿ ಅವಳು ನನ್ನ ಬೆಂಚ್‌ಮೇಟ್. ಇಂಗ್ಲಿಷ್ ಡಿಕ್ಟೇಷನ್ನಿಗೆ ನನ್ನ ನೋಟ್‌ಬುಕ್ಕೇ ಅವಳಿಗೆ ಆಧಾರ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಮದುವೆಯಾಗಿ ಇಬ್ಬರೂ ಒಂದೇ ಊರಿಗೆ ಬಂದು ಬಿದ್ದೆವು. ಅವಳು ತಂದ ಮೀನುಸಾರು ತಿಂದು ನಮ್ಮವರು ಹೊಗಳಿದಾಗ ನನಗೆ ಹೊಟ್ಟೆಕಿಚ್ಚಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದು ಮೀನುಸಾರಿನ ಮಟ್ಟದ ಕಿಚ್ಚು, ಬಾಯಿ ತೊಳೆದರೆ ಹೋಗುವಂಥದ್ದು.

ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಏ ಮಾರಾಯ್ತಿ, ನಿನ್ನ ಹೊಟ್ಟೇಲಿರ್ಲಿ. ನಾವು ಪೂರ್ತಿ ಕಟ್ಟಿಬಿಟ್ವಿ."

"ಅಯ್ಯೋ, ಗೌಡ್ರಿಗೆ ಗೊತ್ತಾದ್ರೆ?"

"ಗೊತ್ತಾಗ್ಬಾರ್ದು ಅಂತಲೇ ನಿನಗೆ ಮಾತ್ರ ಹೇಳಿದ್ದು. ಇವ್ರು ಎರಡು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಕೊನೆಗೆ ಬಂದು, 'ಮೈಮುನಾ, ಏನು ಮಾಡ್ಲಿ, ನೀನು ಹೇಳು' ಅಂದ್ರು. ನಾನು ಕಟ್ಟಿ ಬನ್ನಿ ಅಂದೆ. ಬೆಳಿಗ್ಗೆ ಎದ್ದು ಕಟ್ಟಿಬಂದ್ರು. ಅಷ್ಟೇ."

ಅಷ್ಟೇ! ಇಂಗ್ಲಿಷಿನಲ್ಲಿ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬಾರದವಳನ್ನು ಗಂಡ ಕೇಳುತ್ತಾನೆ. ಇಪ್ಪತ್ತು ಪುಟದ ಆರ್ಡರನ್ನು ಫುಲ್‌ಸ್ಟಾಪ್ ಬಿಡದೆ ಓದಿದ ನಾನು ಕಾಫಿ ತರುತ್ತೇನೆ. ಅವಳು ಹೋದ ಮೇಲೆ ಅಕ್ಕಿ ಆರಿಸಲು ಕೂತೆ. ಕಲ್ಲನ್ನು ಮೊರದಲ್ಲಿ ಬಿಟ್ಟು ಅಕ್ಕಿಯನ್ನೇ ಎಸೆಯುತ್ತಿದ್ದೆ. ಜೆಲಸಿ ಅನ್ನುವ ಇಂಗ್ಲಿಷ್ ಮಾತು ಎಷ್ಟು ನಾಜೂಕು ನೋಡಿ, ಸೆಂಟಿನ ಹೆಸರಿನ ಹಾಗೆ. ನನಗಿದ್ದದ್ದು ಅದಲ್ಲ, ಹೊಟ್ಟೆಕಿಚ್ಚೇ. ಮಜ್ಜಿಗೆ ಕುಡಿದರೂ ಆರಲಿಲ್ಲ.

ಎರಡು ದಿನ ಕಳೆದು ಇಸ್ಪೀಟು ಕೂತಿತ್ತು. ಹಮೀದಣ್ಣ ಬಂದಿರಲಿಲ್ಲ. ನಾನು ಕಾಫಿ ಟ್ರೇ ಹಿಡಿದು ಹೊರಗೆ ಬಂದಾಗ ಪುಟ್ಟೇಗೌಡರು, "ಹಮೀದ್ ಎಲ್ಲಿ ಹೋದ? ತಲೆ ಕೆಡಿಸ್ಕೊಂಡು ಮಲಗಿದಾನೋ ಏನೋ" ಅಂದರು.

"ಅವರಿಗ್ಯಾಕೆ ತಲೆಬಿಸಿ, ಗೌಡ್ರೇ?" ಅಂದೆ. "ಪೂರ್ತಿ ಕಟ್ಟಿ ಆರಾಮಾಗಿದಾರೆ. ಹೆಂಡತೀನ ಒಂದು ಮಾತು ಕೇಳೋ ಗಂಡಸರಿಗೆ ಎಲ್ಲಾ ಸಲೀಸು."

ನಿಮ್ಮಾಣೆ, ನಾನು ಗುರಿಯಿಟ್ಟದ್ದು ನಮ್ಮವರಿಗೆ. ತಗುಲಿದ್ದು ಹಮೀದಣ್ಣನಿಗೆ. ಪುಟ್ಟೇಗೌಡರು ಕೈಯಲ್ಲಿದ್ದ ಎಲೆಗಳನ್ನು ಕವುಚಿಟ್ಟರು. ಯಾರೂ ಕಾಫಿ ಮುಟ್ಟಲಿಲ್ಲ. ನಮ್ಮವರು ನನ್ನ ಮುಖ ನೋಡಿ, "ನಿನಗೆ ಯಾರು ಹೇಳಿದ್ದು?" ಅಂದರು. ಆ ತೆರಿಗೆ ವಿಷಯದಲ್ಲಿ ಅವರು ನನ್ನನ್ನು ಕೇಳಿದ ಒಂದೇ ಪ್ರಶ್ನೆ ಅದು.

ಆಮೇಲೆ ಜಗಳವಾಗಲಿಲ್ಲ, ಬೈಗುಳವಿರಲಿಲ್ಲ. ನಮ್ಮ ಮಲೆನಾಡಿನವರ ಸಿಟ್ಟು ಮೆತ್ತಗಿನದು. ಮಳೆ ಬಿಟ್ಟ ಮೇಲೆ ಹಮೀದಣ್ಣನಿಗೆ ಯಾರೂ ಜಲ್ಲಿ ಕಡ ಕೊಡಲಿಲ್ಲ, ಟಿಪ್ಪರ್ ಬಾಡಿಗೆಗೆ ಸಿಗಲಿಲ್ಲ. ಕಳಸದ ಕಡೆ ಒಂದು ಸೇತುವೆಯನ್ನು ಪುಟ್ಟೇಗೌಡರ ಜೊತೆ ಸೇರಿ ಮಾಡುವುದಿತ್ತು. ಗೌಡರು ಬೇರೆ ಪಾಲುದಾರರನ್ನು ಹುಡುಕಿಕೊಂಡರು. ಎರಡು ವರ್ಷದಲ್ಲಿ ಹಮೀದಣ್ಣ ಮಿಕ್ಸರ್ ಮಾರಿದರು. ಅಷ್ಟರಲ್ಲಿ ಅಪೀಲು ಎಳೆದೂ ಎಳೆದೂ ಸಾಕಾಗಿ ಪುಟ್ಟೇಗೌಡರೇ ಹೋಗಿ ಪೂರ್ತಿ ಕಟ್ಟಿಬಂದರು. ಅದಕ್ಕೆ "ಪ್ರಾಕ್ಟಿಕಲ್" ಅನ್ನುವ ಹೆಸರಾಯಿತು. ನಮ್ಮವರ ಅಪೀಲು ಇನ್ನೂ ನಡೆಯುತ್ತಿದೆ.

ಮೈಮುನಾಳನ್ನು ಕೊನೆಯ ಸಲ ನೋಡಿದ್ದು ಕೊಟ್ಟಿಗೆಹಾರದಲ್ಲಿ. ಘಾಟಿ ಇಳಿಯುವ ಬಸ್ಸುಗಳು ಅಲ್ಲಿ ಕಾಫಿಗೆ ನಿಲ್ಲುತ್ತವೆ. ಅವರು ಮನೆ ಖಾಲಿ ಮಾಡಿ, ಘಟ್ಟದ ಕೆಳಗೆ ಅವಳ ತಮ್ಮನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳಲು ಹೊರಟಿದ್ದರು. ನಾನು ಒಂದು ಮದುವೆ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ನನ್ನನ್ನು ಕಂಡವಳೇ ಇಳಿದು ಬಂದು ಕೈ ಹಿಡಿದಳು. ಸೀರೆ ಚೆಂದ ಇದೆ ಅಂದಳು.

"ಒಂದು ಮಾತು ಮಾರಾಯ್ತಿ. ನಾವು ಕಟ್ಟಿದ್ದು ಗೌಡ್ರಿಗೆ ಯಾರು ಹೇಳಿದ್ದು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ಟ್ಯಾಕ್ಸ್ ಆಫೀಸಿನವ್ರೇ ಇರ್ಬೇಕು ಅಂತಾರೆ ಇವ್ರು. ನಿನಗೇನಾದ್ರೂ ಗೊತ್ತಾ?"

ಎಲೊಕ್ಯೂಷನ್ ಪ್ರೈಜ್ ಹೊಡೆದ ನಾಲಿಗೆ. "ಇಲ್ವೇ" ಅಂದಿತು.

"ಗೊತ್ತಾದ್ರೆ ಹೇಳು. ಬೈಯಲ್ಲ. ಸುಮ್ನೆ, ತಿಳ್ಕೊಳ್ಳೋಕೆ."

ಡ್ರೈವರ್ ಹಾರ್ನ್ ಹೊಡೆದ. ಅವಳು ಓಡಿ ಹತ್ತಿ ಕಿಟಕಿಯಿಂದ ಕೈಬೀಸಿದಳು. ಬಸ್ಸು ಹೊರಳುವಾಗ ಪಕ್ಕದ ಸೀಟಿನಿಂದ ಹಮೀದಣ್ಣ ಅವಳ ಕಡೆ ಬಗ್ಗಿ ಏನೋ ಕೇಳುತ್ತಿದ್ದರು. ಅವಳು ನನಗೆ ಕೈಬೀಸುವುದನ್ನು ಅರ್ಧಕ್ಕೆ ಬಿಟ್ಟು, ಅವರ ಕಡೆ ತಿರುಗಿ ಉತ್ತರ ಹೇಳತೊಡಗಿದಳು.