ಸ್ಟೀಲ್ ಡಬ್ಬಿಯಲ್ಲಿಟ್ಟ ಸೆಲ್ಲುಗಳು

ಇಪ್ಪತ್ತು ವರ್ಷಗಳಿಂದ ಪ್ರೈಮರಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದ ಟೀಚರಮ್ಮ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವರು. ಹಾಲು ಕಂಡರೂ ಸುಣ್ಣದ ನೀರಿರಬಹುದೆಂದು ಅನುಮಾನಿಸುವವರು.

ಈ ತಿಂಗಳು ಬಲ್ಬು ಉರಿಸುವ ಪಾಠಕ್ಕೆ ತಂದ ಹೊಸ ಸೆಲ್ಲುಗಳು ಎರಡೇ ದಿನಕ್ಕೆ ಸತ್ತುಹೋದವು. ಮತ್ತೆ ತಂದರು, ಅವೂ ಹೋದವು. ಅವನ್ನಿಡುತ್ತಿದ್ದ ಬೀರುವಿನ ಇನ್ನೊಂದು ಕೀಲಿ ಇದ್ದದ್ದು ಕಸ ಗುಡಿಸುವ ಆಯಾಳ ಹತ್ತಿರ.

"ಹೊಸದನ್ನ ಮನೆ ರೇಡಿಯೊಗೆ ಹಾಕಿ, ಹಳೇದನ್ನ ಇಲ್ಲಿ ಇಡ್ತೀಯೇನೇ?" ಎಂದು ಮಕ್ಕಳೆದುರೇ ಕೇಳಿದರು.

"ನನ್ನ ರೇಡಿಯೊ ಕೆಮ್ಮೋದನ್ನೂ ಬಿಟ್ಟು ಮೂರು ವರ್ಷ ಆಯ್ತು ಟೀಚರಮ್ಮಾ!"

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡ ಟೀಚರಮ್ಮ, ಅವಳನ್ನು ಕೆಲಸದಿಂದ ತೆಗೆಯುವಂತೆ ಹೆಡ್‌ಮಾಸ್ಟರಿಗೆ ಅರ್ಜಿ ಬರೆದಿಟ್ಟುಕೊಂಡರು. ಸಂಜೆ ಕೊಡುವುದಿತ್ತು.

ಮಧ್ಯಾಹ್ನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅಂದೇ ತಂದ ಸೆಲ್ಲುಗಳ ಡಬ್ಬಿ ಎತ್ತಿದವಳೇ ಕೈ ಕೊಡವಿ, ಮುಚ್ಚಳ ತೆರೆದು ನೋಡಿದಳು.

"ಮಿಸ್, ಡಬ್ಬಿ ಬಿಸಿ! ತಂತಿ ಚೂರು ಸೆಲ್ಲಿನ ಎರಡೂ ತುದಿಗೆ ತಾಗ್ತಿದೆ. ಕರೆಂಟೆಲ್ಲ ಸುಮ್ನೆ ಹರಿದು ಹೋಗ್ತಿರಬಹುದಲ್ವಾ?"

ಟೀಚರಮ್ಮನ ಮುಖ ಬಿಳುಪೇರಿತು. ಹಳೆಯ ಪ್ಲಾಸ್ಟಿಕ್ ಡಬ್ಬಿ ಒಡೆದಾಗ, ತಮ್ಮ ಊಟದ ಸ್ಟೀಲ್ ಡಬ್ಬಿಯಲ್ಲಿ ಸೆಲ್ಲು, ತಾಮ್ರದ ತಂತಿ ಎಲ್ಲವನ್ನೂ ಒಟ್ಟಿಗೆ ತುಂಬಿದವರು ಅವರೇ.

ಆಯಾ ವರಾಂಡ ಗುಡಿಸುತ್ತಿದ್ದಳು. "ತಪ್ಪು ನಂದೇ ಕಣೇ," ಎಂದರು ಟೀಚರಮ್ಮ ಮೆಲ್ಲಗೆ.

"ಕಳ್ಳಿ ಅಂದಾಗ ಇಷ್ಟು ಮೆಲ್ಲಗೆ ಅಂದಿರ್ಲಿಲ್ಲ ನೀವು," ಎಂದಳು ಆಯಾ, ತಲೆ ಎತ್ತದೆ.

ಟೀಚರಮ್ಮ ಅವಳ ಕೈ ಹಿಡಿದು ತರಗತಿಯೊಳಗೆ ಕರೆತಂದರು. ಹಿಂದಿನ ಬೆಂಚಿಗೂ ಕೇಳುವಂತೆ ತಮ್ಮ ತಪ್ಪನ್ನು ಹೇಳಿದರು.