ತುದಿಯಿಂದ ಬೀಸಿದ ರುಮಾಲು

ನಿಜಾಮರ ಆ ದಿನಗಳಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ದವಾಖಾನೆಯವರು ಕೈಚೆಲ್ಲಿದ ಮೇಲೆ ನನ್ನ ಹೆಂಡತಿ ಅಂಜನಾದ್ರಿ ಹತ್ತಬೇಕೆಂದು ಹಟ ಹಿಡಿದಳು. ಗಂಗಾವತಿಯಿಂದ ನಮ್ಮಿಬ್ಬರಿಗೇ ಒಂದು ಟಾಂಗಾ ಗೊತ್ತುಮಾಡಿದೆ. ಬೆಟ್ಟದ ಬುಡದಲ್ಲೇ ಆಕೆಗೆ ಏದುಸಿರು ಬಂತು.

“ನೀವು ಹತ್ತಿ ಮ್ಯಾಲಿಂದ ರುಮಾಲ ಬೀಸ್ರಿ. ನಾನೂ ಹತ್ತಿದಂಗ ಆಗ್ತೈತಿ,” ಎಂದಳು.

ಗಂಡಸು ತಲೆಯ ರುಮಾಲು ತೆಗೆಯುವುದು ಸಾವಿನ ಮನೆಯಲ್ಲಿ ಮಾತ್ರ. ಆದರೂ ತುದಿಯಲ್ಲಿ ಬರಿದಲೆಯಲ್ಲಿ ನಿಂತು ತೋಳು ಸೋಲುವವರೆಗೆ ಬೀಸಿದೆ.

ಇಳಿದು ಬಂದರೆ ಟಾಂಗಾದವನು ನೆರಳಿಗೆಂದು ಆಕೆ ಕೂತಿದ್ದ ಗಾಡಿಯನ್ನು ಬಂಡೆಯ ಹಿಂದೆ ನಿಲ್ಲಿಸಿದ್ದ. ಅಲ್ಲಿಂದ ತುದಿ ಕಾಣುವಂತೆಯೇ ಇರಲಿಲ್ಲ.

“ಕಂಡಿತೇನು?” ಎಂದು ಆಕೆಯನ್ನು ಕೇಳಿದೆ.

“ಭಾಳ ಛಲೋ ಕಂಡಿತ್ರಿ.”

ಟಾಂಗಾದವನನ್ನು ಬೈದು ಗಾಡಿಯನ್ನು ಬಯಲಿಗೆ ತರಿಸಿದೆ, ಮತ್ತೆ ಮೆಟ್ಟಿಲಿನತ್ತ ಓಡಿದೆ. ಆಕೆ ಬೇಡವೆಂದು ಕೂಗಲಿಲ್ಲ. ಕೂಗುವಷ್ಟು ಉಸಿರು ಆಕೆಯಲ್ಲಿ ಉಳಿದಿರಲಿಲ್ಲ.