ಸುಂದರಾಬಾಯಿ ಮತ್ತು ಘಾಟು ಬ್ಯಾಂಡಿನ ಹಾಡುಗಳು

ಅಕ್ಕೋಳದ ಸುಂದರಾಬಾಯಿಗೆ ಹಾಡೆಂದರೆ ಆಗದು ಎಂದು ಯಾರೂ ಹೇಳುವಂತಿರಲಿಲ್ಲ. ನಿಪ್ಪಾಣಿಯ ಭೂಪಾಲಣ್ಣನ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿದು ಕೂತರೆ, ಮರಾಠಿಯದೋ ಕನ್ನಡದ್ದೋ, ಬಾಯಿಗೆ ಬಂದ ಪದ ಮೊದಲು ಎತ್ತುವವಳು ಅವಳೇ. ಮನೆಯಲ್ಲಿ ಗಂಡ ಸತ್ತೆಪ್ಪ ಮೂಗಬಸವ. ಅವನ ಪಾಲಿನ ಮಾತನ್ನೂ ಸೇರಿಸಿ ಇವಳೇ ಆಡುತ್ತಿದ್ದಳು. ಅವಳಿಗೆ ಆಗದಿದ್ದದ್ದು ಘಾಟು ಬ್ಯಾಂಡು ಮಾತ್ರ. ಆ ಹೆಸರು ಕಿವಿಗೆ ಬಿದ್ದರೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಥೂ ಎಂದು ಉಗುಳುತ್ತಿದ್ದಳು. ಅವಳ ಜಾಗದಲ್ಲಿ ನೀವಿದ್ದರೂ ಉಗುಳುತ್ತಿದ್ದಿರಿ.

ಈ ಬ್ಯಾಂಡು ಹುಟ್ಟಿದ್ದೇ ಆ ವಖಾರಿಯಲ್ಲಿ. ಭೂಪಾಲಣ್ಣನ ಮಗ ಸಮ್ಮೇದ ಕೊಲ್ಹಾಪುರದಲ್ಲಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು, ಹೆಗಲಿಗೆ ಕೆಂಪು ಗಿಟಾರು ನೇತುಹಾಕಿಕೊಂಡು ಊರಿಗೆ ಬಂದ. ಉಗಾರ ಬುದ್ರುಕದ ಬೆಂಜೋ ಪಾರ್ಟಿಯಲ್ಲಿ ಮದುವೆಯ ವರಾತಿ ಮೆರವಣಿಗೆಗೆ ಡ್ರಮ್ಮು ಬಡಿಯುತ್ತಿದ್ದ ಉತ್ತಮನನ್ನು ಹಿಡಿದು ತಂದ. ಹಾಡಲು ಸಿಕ್ಕವನು ಅಕ್ಕೋಳದ ಮಲ್ಲೇಶ. ಅವನು ಅಲ್ಲಿತನಕ ರಿಕ್ಷಾದಲ್ಲಿ ಕೂತು ಸೀರೆ ಸೇಲು, ಸರ್ಕಸ್ಸಿನ ಜಾಹೀರಾತುಗಳನ್ನು ಮೈಕಿನಲ್ಲಿ ಒದರುತ್ತಿದ್ದ ಆಸಾಮಿ. ಒದರುವುದನ್ನೇ ಹಾಡೆಂದು ಕರೆದರೆ ಹಾರ್ಡ್ ರಾಕ್ ಆಗುತ್ತದೆಂದು ಸಮ್ಮೇದ ಅವನಿಗೆ ಹೇಳಿಕೊಟ್ಟ. ಮಲ್ಲೇಶನಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೇನು ಬೇಕಿತ್ತು.

ವಖಾರಿಯ ಒಂದು ಪಾಲಿನಲ್ಲಿ ಹೆಂಗಸರು ತಂಬಾಕು ಸೋಸುತ್ತಿದ್ದರು, ಇನ್ನೊಂದು ಪಾಲಿನಲ್ಲಿ ಇವರ ತಾಲೀಮು. ನಡುವೆ ಗೋಣಿಚೀಲದ ಪರದೆಯೊಂದೇ. ಡ್ರಮ್ಮು ಶುರುವಾದರೆ ತಗಡಿನ ಮಾಡು ನಡುಗಿ, ತೊಲೆಗಳ ಮೇಲೆ ಅಜ್ಜನ ಕಾಲದಿಂದ ಕೂತಿದ್ದ ತಂಬಾಕಿನ ದೂಳು ಹೆಂಗಸರ ತಲೆಯ ಮೇಲೆ ಸುರಿಯುತ್ತಿತ್ತು. ಪದ ಹಾಡುವುದಿರಲಿ, ಪಕ್ಕದವಳು ನೀರು ಕೇಳಿದ್ದೂ ಕೇಳುತ್ತಿರಲಿಲ್ಲ. ಭೂಪಾಲಣ್ಣನಿಗೆ ಹೇಳಿದರೆ ಅವನು, ನನ್ನ ಮಾತ ಅಂವ ಎಲ್ಲಿ ಕೇಳ್ತಾನ್ರಿ, ಎಂದು ಕೈಚೆಲ್ಲಿ ಬಸದಿಗೆ ಹೋಗಿಬಿಡುತ್ತಿದ್ದ. ಒಂದು ಮಧ್ಯಾಹ್ನ ಸುಂದರಾಬಾಯಿಯ ಜೊತೆಗಾತಿ ತಾರವ್ವ ಆ ದೂಳಿಗೆ ಕೆಮ್ಮಿ ಕೆಮ್ಮಿ ಜರಡಿಯ ಮೇಲೇ ಬಿದ್ದಳು. ನೀರು ಕೊಡಿ ಎಂದು ಕೂಗಿದರೆ ಆಚೆಯವರಿಗೆ ಕೇಳಬೇಕಲ್ಲ!

ಸುಂದರಾಬಾಯಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿ ತುಂಬ ತಂಬಾಕಿನ ದೂಳು ಹಿಡಿದು ಪರದೆ ಸರಿಸಿ ಒಳನುಗ್ಗಿದಳು. ಹಿಡಿಮಣ್ಣು ತೂರುವವರ ಹಾಗೆ ಆ ದೂಳನ್ನು ಮಲ್ಲೇಶನ ಮುಖಕ್ಕೆ ತೂರಿದಳು.

"ಹಾಳ ಮೂಳಾ, ನಿನ್ನ ಕೊರಳ ಬಿದ್ದ ಹೋಗ್ಲಿ. ನಿಮ್ಮವ್ವ ಕರದ್ರೂ ಓ ಅನ್ನಾಕ ದನಿ ಇರಬಾರ್ದು ನಿನಗ."

ಅಂದದ್ದು ಅಷ್ಟೇ. ಆಮೇಲೆ ತಾರವ್ವನನ್ನು ಹೆಗಲಿಗೆ ಆನಿಸಿಕೊಂಡು ದವಾಖಾನೆಗೆ ಕರೆದೊಯ್ದಳು. ಸಿಟ್ಟಿನಲ್ಲಿ ಅಂದ ಮಾತು ಸಂಜೆಗೆ ಮರೆತೂ ಹೋಗಿತ್ತು. ಆದರೆ ಆ ಹೊತ್ತಿನಲ್ಲಿ ಅವರ ಮೈಕು ರೆಕಾರ್ಡಿಂಗಿಗೆ ಚಾಲೂ ಇತ್ತೆಂಬುದು ಈ ಬಡವಿಗೆ ಏನು ಗೊತ್ತು.

ಘಾಟು ಬ್ಯಾಂಡಿನ ಮೊದಲ ಹಾಡು ಹೊರಬಂದದ್ದು ಹಾಗೆ. ಹೆಸರು 'ಸುಂದರವ್ವನ ಶಾಪ'. ಮೊದಲಿಗೆ ಇವಳ ಮಾತು, ಅದರ ಹಿಂದೆ ತಾರವ್ವನ ಕೆಮ್ಮು, ಆಮೇಲೆ ಡ್ರಮ್ಮು, ಆಮೇಲೆ ಮಲ್ಲೇಶನ ಅರಚಾಟ. ಕೇಳಲಿಲ್ಲ, ಹೇಳಲಿಲ್ಲ, ಕಳ್ಳನನ್ಮಕ್ಕಳು ಹೆಂಗಸಿನ ಹೆಸರನ್ನೇ ಹಾಡಿಗೆ ಇಟ್ಟರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಹತ್ತಿತು. ರಸ್ತೆಯಲ್ಲಿ ಹೋಗುವಾಗ ತನ್ನ ದನಿಯೇ ತನ್ನೆದುರು ಬಂದು ಬೈದು ಹೋಗುವುದನ್ನು ಸುಂದರಾಬಾಯಿ ನಿಂತು ಕೇಳಬೇಕಾಯಿತು. ನಾಚಿಕೆಯಿಂದ ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ನಡೆಯುವುದನ್ನು ಕಲಿತಳು.

ಹೆಸರು ಬಂದ ಮೇಲೆ ಕೇಳಬೇಕೆ, ಹುಡುಗರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕೋಡಿಯಲ್ಲಿ ಸ್ಟೇಜಿನಿಂದ ಜನರ ಮೇಲೆ ತಂಬಾಕಿನ ಪುಡಿ ಎರಚಿದರು. ಮುಂದೆ ಕೂತವರು ಕಣ್ಣುಜ್ಜಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು, ಕೇಸಾಯಿತು. ಕಾಗವಾಡದಲ್ಲಿ ಒಂದು ಮದುವೆಗೆ ಬೆಂಜೋ ಬಾರಿಸುತ್ತೇವೆಂದು ಹೋಗಿ ತಮ್ಮ ಗದ್ದಲ ಎಬ್ಬಿಸಿದರು. ಬೆದರಿದ ಕುದುರೆ ಮದುಮಗನನ್ನು ಹೊತ್ತುಕೊಂಡು ಕಬ್ಬಿನ ಗದ್ದೆಯೊಳಗೆ ನುಗ್ಗಿತು. ಮುಹೂರ್ತ ಮೀರಿತು, ಬಾಸಿಂಗ ಸಿಗಲೇ ಇಲ್ಲ. ಎರಡನೆಯ ಹಾಡನ್ನು ಅಥಣಿಯ ಕಡೆ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ರೆಕಾರ್ಡ್ ಮಾಡಿದರು. ಒಣಗಲು ಹಾಕಿದ್ದ ದ್ರಾಕ್ಷಿಯ ಮೇಲೆ ಬೂಟುಗಾಲಿನಲ್ಲಿ ಕುಣಿದು ಅದನ್ನೂ ವಿಡಿಯೋ ಮಾಡಿ ಹಾಕಿದರು. ತಿನ್ನುವ ವಸ್ತುವನ್ನು ತುಳಿದವರನ್ನು ಈ ಕಡೆಯ ಜನ ಕ್ಷಮಿಸುವುದಿಲ್ಲ. ಎರಡನೆಯ ಹಾಡು ಬಿದ್ದುಹೋಯಿತು, ಕರೆಯುವವರು ಕಡಿಮೆಯಾದರು.

ಆಗಲೇ ಮಲ್ಲೇಶನ ದನಿ ಹೋಯಿತೆಂಬ ಸುದ್ದಿ ಹಬ್ಬಿತು. ರಾಯಬಾಗದಲ್ಲಿ ಹಾಡುತ್ತ ಹಾಡುತ್ತ ಕೊರಳು ಹಿಡಿದುಕೊಂಡು ಕೂತನಂತೆ. ಅಂದಿನಿಂದ ಮಾತೇ ಇಲ್ಲ. ಕುತ್ತಿಗೆಗೆ ಕರಿ ಮಫ್ಲರು ಸುತ್ತಿಕೊಂಡು ಕೈಸನ್ನೆಯಲ್ಲಿ ತಿರುಗುತ್ತಿದ್ದ. ಶಾಪ ತಟ್ಟಿತು ಎಂದು ಸಮ್ಮೇದ ಎಲ್ಲ ಕಡೆ ಹಾಕಿಬಿಟ್ಟ. ಬಿದ್ದುಹೋಗಿದ್ದ ಬ್ಯಾಂಡನ್ನು ಜನ ಮತ್ತೆ ಹುಡುಕಿ ಹುಡುಕಿ ಕೇಳತೊಡಗಿದರು. ಮೂರನೆಯ ಹಾಡು ಬರಲಿದೆ, ದನಿ ಬಂದೀತೋ ಇಲ್ಲವೋ ಕಾದು ನೋಡಿ ಎಂದು ಬೋರ್ಡು ಬಿತ್ತು.

ಬೋರ್ಡಿನ ಹೆಸರು ಅವರಿಗೆ, ಗಾಳಿಮಾತು ಇವಳಿಗೆ. ಸುಂದರಾಬಾಯಿಯದು ಕರಿನಾಲಗೆ ಎಂದು ಊರು ತೀರ್ಮಾನ ಮಾಡಿತು. ಅರಿಷಿಣ ಹಚ್ಚಲು ಯಾರೂ ಕರೆಯಲಿಲ್ಲ. ಕೂಸುಗಳಿದ್ದವರು ಇವಳನ್ನು ಕಂಡರೆ ಕೂಸಿನ ಮುಖ ಮುಚ್ಚಿ ಒಳಗೆ ಹೋಗುತ್ತಿದ್ದರು. ಅವಳು ಒಮ್ಮೆ ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿಕೊಂಡಳು. ವಖಾರಿಯ ಎಲ್ಲ ಹೆಂಗಸರಂತೆ ಸುಟ್ಟ ತಂಬಾಕಿನ ಮಿಸರಿಯಿಂದ ಹಲ್ಲು ತಿಕ್ಕಿ ತಿಕ್ಕಿ ಅವಳ ನಾಲಗೆ ಕಪ್ಪಾಗಿಯೇ ಇತ್ತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಕನ್ನಡಿಯನ್ನೇ ತಿರುಗಿಸಿ ಇಟ್ಟಳು. ಎಲ್ಲಕ್ಕಿಂತ ಸುಟ್ಟದ್ದು ಮಲ್ಲೇಶನ ಅವ್ವ ಬಂದದ್ದು. ಆ ಮುದುಕಿ ಹೊಸ್ತಿಲ ಮೇಲೆ ಹಣೆಯಿಟ್ಟು, ನನ್ನ ಮಗನ ದನಿ ಕೊಡವ್ವಾ ಎಂದು ಅತ್ತಳು. ತಾನು ಏನೂ ಮಾಡಿಲ್ಲವೆಂದು ಸುಂದರಾಬಾಯಿ ಎಷ್ಟು ಹೇಳಿದರೂ ಅವಳು ಎದ್ದು ಹೋಗಲಿಲ್ಲ.

ಇಷ್ಟನ್ನೂ ಅವಳು ಸಹಿಸಿಯಾಳು. ಆದರೆ ಮಗಳು ಸ್ನೇಹಲಳ ಮದುವೆ ಗೊತ್ತಾಗಿತ್ತು. ವರ ರಾಯಬಾಗದ ರೂಪೇಶ, ಕರೆಂಟು ಇಲಾಖೆಯಲ್ಲಿ ಲೈನ್‌ಮನ್. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ ಒಪ್ಪಿಕೊಂಡಿದ್ದರು. ಸುದ್ದಿ ಅವನ ತಾಯಿ ತುಳಸವ್ವನ ಕಿವಿಗೆ ಬಿತ್ತು. ಅವಳು ಸೀದಾ ಹೇಳಿ ಕಳಿಸಿದಳು: ಶಾಪ ಹಾಕಿದ ಜಾಗದಲ್ಲೇ, ನಾಲ್ಕು ಜನರೆದುರು, ಆ ಹುಡುಗನ ಬಾಯಿಗೆ ನಿನ್ನ ಕೈಯಾರೆ ಬೆಲ್ಲ ಹಾಕಿ ಮಾತು ಹಿಂದೆ ತಗೋ. ಇಲ್ಲವಾದರೆ ನಮ್ಮ ಹುಡುಗನಿಗೆ ಬೇರೆ ಹೆಣ್ಣು ನೋಡುತ್ತೇವೆ.

ಸುಂದರಾಬಾಯಿ ತಕ್ಷಣ ಒಲ್ಲೆ ಎಂದಳು. ಮಾತು ಹಿಂದೆ ತಗೊಂಡರೆ ಮಾತಿಗೆ ಶಕ್ತಿ ಇತ್ತೆಂದು ತಾನೇ ಒಪ್ಪಿದಂತಾಗುತ್ತದೆ. ತಾರವ್ವನ ಕೆಮ್ಮನ್ನು ಮಾರಿ ತಿಂದವನ ಬಾಯಿಗೆ ತಾನು ಬೆಲ್ಲ ಹಾಕಬೇಕೆ? ಸತ್ತೆಪ್ಪ ಎಂದಿನಂತೆ ಮಾಡು ನೋಡುತ್ತ ಕೂತಿದ್ದ. ಸ್ನೇಹಲ ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. ಅವಳು ಒಂದೇ ಮಾತು ಹೇಳಿದಳು.

"ನಿನ್ನ ಹಟಾನೂ ಖರೇನ ಐತಿ ಅವ್ವಾ. ಖರೇ ಇಟ್ಕೊಂಡ ನಾ ಏನ ಮಾಡ್ಲಿ?"

ತಾಯಿ ಮರುದಿನ ಸಂತೆಯಲ್ಲಿ ಬೆಲ್ಲ ಕೊಂಡಳು.

ಗೊತ್ತುಮಾಡಿದ ದಿನ ಸುಂದರಾಬಾಯಿ ಎಂದಿನಂತೆ ಕೆಲಸಕ್ಕೆ ಹೋದಳು. ಬೆಲ್ಲದ ಉಂಡೆಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬೆಳಗಿನಿಂದ ಅದೇ ಸೆರಗಿನಲ್ಲಿ ಜರಡಿ ಹಿಡಿದಳು, ಅದೇ ಸೆರಗಿನಿಂದ ಬೆವರು ಒರೆಸಿಕೊಂಡಳು. ಸೋಸುವ ಹೆಂಗಸರ ಮೂಗಿಗೆ ತಂಬಾಕಿನ ವಾಸನೆ ಎಂದೋ ಸತ್ತಿರುತ್ತದೆ. ಹೊರಗಿನವರು ಅವರ ಕೈಯ ರೊಟ್ಟಿ ತಿಂದರೆ ಮುಖ ಹಿಂಡುತ್ತಾರೆ, ಅವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಬೆಲ್ಲದ ಗಂಟಿನೊಳಗೆ ದೂಳು ಇಳಿದಿರಬಹುದೆಂಬ ಯೋಚನೆ ಅವಳ ತಲೆಗೆ ಸುಳಿಯಲೇ ಇಲ್ಲ.

ಮಧ್ಯಾಹ್ನ ವಖಾರಿ ತುಂಬಿತು. ಅಕ್ಕೋಳದ ಹಿರಿಯರು, ಭೂಪಾಲಣ್ಣ, ರಾಯಬಾಗದಿಂದ ಮಗನೊಂದಿಗೆ ಬಂದ ತುಳಸವ್ವ, ಮೂಲೆಯಲ್ಲಿ ಮಲ್ಲೇಶನ ಅವ್ವ. ಸಮ್ಮೇದ ಇದನ್ನೂ ಬಿಡಲಿಲ್ಲ, ಮೊಬೈಲು ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದ. ಮಲ್ಲೇಶ ಮಫ್ಲರು ಸುತ್ತಿಕೊಂಡು, ಮುಖ ಬಾಡಿಸಿಕೊಂಡು ಕುರ್ಚಿಯ ಮೇಲೆ ಕೂತಿದ್ದ. ಸುಂದರಾಬಾಯಿ ಅವನೆದುರು ನಿಂತು ಗಂಟು ಬಿಚ್ಚಿದಳು. ಅಂದ ಮಾತು ಹಿಂದೆ ತಗೊಂಡೆ ಎಂದು ಹಲ್ಲು ಕಚ್ಚಿಕೊಂಡು ಹೇಳಿ, ಬೆಲ್ಲವನ್ನು ಅವನ ಬಾಯಿಗೆ ತುರುಕಿದಳು. ತಿನ್ನಿಸಿದಳು ಎನ್ನಬೇಕಿತ್ತು, ಆದರೆ ಅವಳು ತುರುಕಿದ್ದೇ ಖರೆ.

ಮಲ್ಲೇಶ ಅಗಿದ. ಅವನ ಕಣ್ಣು ಅಗಲವಾದವು. ಒಮ್ಮೆ ಸೀನಿದ, ಮತ್ತೊಮ್ಮೆ ಸೀನಿದ, ಬೆಲ್ಲವನ್ನು ಉಗುಳಿ ಕುರ್ಚಿ ಕೆಡವಿ ಎದ್ದು ನಿಂತು ಮಾಡು ಹಾರುವಂತೆ ಒದರಿದ.

"ಏನ ತಿನ್ನಿಸಿದಿ ಬೇ ಮುದಕಿ? ನನ್ನ ಬಾಯಿ ಸುಟ್ಟ ಹೋತ!"

ಸೀರೆ ಸೇಲಿನ ಜಾಹೀರಾತು ಕೂಗುತ್ತಿದ್ದ ಅದೇ ಗಂಟಲು. ಕಿಂಚಿತ್ತೂ ಒಡೆದಿರಲಿಲ್ಲ. ಮೂಲೆಯಿಂದ ಅವನ ಅವ್ವ, ಮಲ್ಯಾ, ಎಂದು ಕೂಗಿದಳು. ಅವನು ಅಭ್ಯಾಸಬಲದಿಂದ ಓ ಎಂದ. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಸುಂದರಾಬಾಯಿಗೆ ಆ ಕ್ಷಣಕ್ಕೆ ಎಲ್ಲವೂ ತಿಳಿಯಿತು. ಈ ಭಾಡ್ಯಾನ ದನಿ ಹೋಗಿಯೇ ಇರಲಿಲ್ಲ. ಬಿದ್ದ ಬ್ಯಾಂಡನ್ನು ಎತ್ತಲು ಆಡಿದ ನಾಟಕ ಇದು. ಹೆತ್ತ ತಾಯಿ ಊರ ಹೊಸ್ತಿಲುಗಳ ಮೇಲೆ ಹಣೆ ಚಚ್ಚಿಕೊಳ್ಳುವಾಗಲೂ ಬಾಯಿಬಿಡದೆ ಕೂತ ಕಟುಕ. ಅವಳ ಮೈಯೆಲ್ಲ ಉರಿದುಹೋಯಿತು. ಅದನ್ನು ಕೂಗಿ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಮಲ್ಲೇಶನ ಅವ್ವ ಬಂದು ಅವಳ ಕಾಲು ಹಿಡಿದಿದ್ದಳು. ಹಿರಿಯರು ಕೈಮುಗಿದು ಎದ್ದು ನಿಂತಿದ್ದರು. ಬೆಲ್ಲ ಬಾಯಿಗೆ ಬಿದ್ದ ಕೂಡಲೇ ದನಿ ಬಂತೆಂದು ವಖಾರಿಯೆಲ್ಲ ಗುಜುಗುಜು ಎದ್ದಿತು. ತುಳಸವ್ವ ಮುಂದೆ ಬಂದಳು. ಬಂದವಳೇ ಕೈಮುಗಿದಳು. ಮದುವೆ ನೀವು ಅಂದ ದಿನವೇ ಆಗಲಿ ಎಂದಳು. ಸ್ನೇಹಲಳನ್ನು ಹೂವಿನಂತೆ ನೋಡಿಕೊಳ್ಳುತ್ತೇನೆ, ಮನೆಯಲ್ಲಿ ಅವಳಿಗೆ ಎದುರಾಡುವವರು ಇರುವುದಿಲ್ಲ, ಏನಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಏನೂ ಅನ್ನಬೇಡಿ ಎಂದು ಬೇಡಿಕೊಂಡಳು.

ಸುಂದರಾಬಾಯಿ ಆ ಮುಗಿದ ಕೈಗಳನ್ನು ನೋಡಿದಳು. ಅತ್ತೆಯ ಬಾಯಿಗೆ ಹೆದರಿ ತಾನು ಬಾಳಿದ ವರ್ಷಗಳು ನೆನಪಾದವು; ಮಗಳಿಗಾದರೂ ಅದು ತಪ್ಪಲಿ ಎನ್ನಿಸಿತು. ತೆರೆದ ಬಾಯಿಯನ್ನು ಮುಚ್ಚಿದಳು. ಮತ್ತೆ ತೆರೆದಾಗ ಸಮ್ಮೇದನ ಕಡೆ ತಿರುಗಿದ್ದಳು.

"ಅವನ ದನಿ ನಾ ಕೊಟ್ಟೀನಿ. ನನ್ನ ದನಿ ನನಗ ಕೊಡು. ನಿನ್ನ ಹಾಡಿನಾಗ ಅದು ಇರಬಾರ್ದು, ನನ್ನ ಹೆಸರೂ ಇರಬಾರ್ದು."

ಸಮ್ಮೇದ ಮಲ್ಲೇಶನ ಮುಖ ನೋಡಿದ. ಒಲ್ಲೆ ಎನ್ನಬೇಕಾದರೆ ತಾವು ಸುಳ್ಳು ಹೇಳಿದ್ದೆವೆಂದು ಈ ಜನರೆದುರು ಒಪ್ಪಬೇಕು. ಭೂಪಾಲಣ್ಣ ಜೀವನದಲ್ಲಿ ಮೊದಲ ಸಲ ಮಗನ ಕೈಯಿಂದ ಮೊಬೈಲು ಕಸಿದುಕೊಂಡು, ಈಗಲೇ ಅಳಿಸು ಎಂದ. ಆ ಸಂಜೆಯೇ ಹಾಡು ಹೋಯಿತು, ವಖಾರಿಯ ಆ ಪಾಲಿಗೆ ಬೀಗ ಬಿತ್ತು. ಸುಂದರವ್ವ ಇಲ್ಲದ ಮೂರನೆಯ ಹಾಡು ಬಂದಾಗ ಅದನ್ನು ಕೇಳಿದವರಿಲ್ಲ. ಮಲ್ಲೇಶ ಮತ್ತೆ ರಿಕ್ಷಾ ಹತ್ತಿದ. ಹಳೆಯ ಹಾಡು ಯಾವುದೋ ಮೊಬೈಲಿನಲ್ಲಿ ಉಳಿದಿದ್ದರೂ ಸುಂದರಾಬಾಯಿ ಎದುರಾದರೆ ಜನ ಅದನ್ನು ಪಟಕ್ಕನೆ ಬಂದ್ ಮಾಡುತ್ತಾರೆ.

ಮದುವೆ ಗದ್ದಲವಿಲ್ಲದೆ, ಬೆಂಜೋ ಕೂಡ ಇಲ್ಲದೆ ಆಯಿತು. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಸ್ನೇಹಲ ತಾಯಿಯನ್ನು ತಬ್ಬಿಕೊಂಡು ಬಹಳ ಅತ್ತಳು. ಆಮೇಲೆ ಯಾರಿಗೂ ಕೇಳದಂತೆ ಕಿವಿಯ ಹತ್ತಿರ ಬಾಯಿ ತಂದಳು.

"ಅವ್ವಾ, ನನ್ನ ಮ್ಯಾಲ ಎಂದೂ ಸಿಟ್ಟಾಗಬ್ಯಾಡ ಹಾಂ."

ಸುಂದರಾಬಾಯಿ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಅದೆಲ್ಲ ಸುಳ್ಳು ಮಗಳೇ, ಅವನ ದನಿ ಹೋಗೇ ಇರಲಿಲ್ಲ, ಎಂದು ಕಿವಿಯಲ್ಲೇ ಹೇಳಿದಳು. ಬೆಲ್ಲಕ್ಕೆ ದೂಳು ಹತ್ತಿತ್ತು, ಅಷ್ಟೇ, ಎಂದಳು. ಸ್ನೇಹಲ ಹೂಂ ಎಂದಳು, ಮತ್ತೆ ಹೂಂ ಎಂದಳು, ಅಂದು ತುಳಸವ್ವ ಕೈಮುಗಿದು ಬೇಡಿಕೊಂಡಿದ್ದಳಲ್ಲ, ಅದೇ ಹೆದರಿಕೆಯ ದನಿಯಲ್ಲಿ. ಆಮೇಲೆ ಬಗ್ಗಿ ತಾಯಿಯ ಕಾಲು ಮುಟ್ಟಿ ಗಾಡಿ ಹತ್ತಿದಳು.